ಪ್ರವಾಸವೂ ವೇಷೌಚಿತ್ಯವೂ

ಕಾವ್ಯವಿಚಾರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಉಡುಗೆ-ತೊಡುಗೆಗಳ ಮಾತನ್ನು ಎತ್ತಿಕೊಂಡುದಕ್ಕಾಗಿ ವಾಚಕರಲ್ಲಿ ಕೆಲವರಾದರೂ ಹುಬ್ಬುಗಂಟಿಕ್ಕಬಹುದು. ಅವರಲ್ಲಿ ನನ್ನ ನಿವೇದನೆ ಇಷ್ಟೇ: ನಮ್ಮ ಪೂರ್ವದ ಆಲಂಕಾರಿಕರು ವೇಷವನ್ನು ಸಾಹಿತ್ಯವಿಚಾರದಿಂದ ಹೊರಗೆ ಇಟ್ಟವರಲ್ಲ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧವಾಗಿ ವಿಂಗಡಿಸಿ, ಆಹಾರ್ಯಕ್ಕೆ, ಅಂದರೆ ವೇಷಭೂಷಣಗಳಿಗೆ, ಒಂದು ಇಡಿಯ ಅಧ್ಯಾಯವನ್ನೇ ಕೊಟ್ಟಿರುವನು. ಮಾತಿಗೆ ಗುಣದೋಷಗಳಿರುವಂತೆ ಉಡುಗೆಗೂ ಗುಣದೋಷಗಳಿರುವವು. ಮಾತನ್ನು ಪರೀಕ್ಷಿಸುವ ಕಣ್ಣೇ ಉಡುಗೆಯನ್ನು ಪರೀಕ್ಷಿಸುವದಕ್ಕೂ ಸಾಕು. ಆದಕಾರಣ ಈ ಬರಹವನ್ನು ವಿಮರ್ಶೆಯೆಂದೇ ಕರೆಯಲು ನಾನು ಹಿಂಜರಿಯುವದಿಲ್ಲ.

ಈಗಿನ ವಿದ್ಯಾವಂತ ತರುಣ-ತರುಣಿಯರಲ್ಲಿ ಒಂದು ರೂಢಿಯು ಬೆಳೆದುಬಂದಿದೆ. ಅವರು ನಮ್ಮ ಕಾಲದವರಿಗಿಂತ ಹೆಚ್ಚಾಗಿ ದೇಶಸಂಚಾರ ಮಾಡುತ್ತಾರೆ. ಹೋದ ಹೋದಲ್ಲಿ ಆ ಸ್ಥಳದ ಇತಿಹಾಸವನ್ನು ಅಷ್ಟಿಷ್ಟು ಕೇಳಿ ತಿಳಿಯುತ್ತಾರೆ. ಮರಳುವಾಗ ಅಲ್ಲಿಯ ನೇಯ್ಗೆಯನ್ನೋ ಕಸೂತಿಯನ್ನೋ ಮೈಮೇಲೆ ಧರಿಸಿಕೊಂಡು ಬರುತ್ತಾರೆ. ಬಾದಾಮಿಯ ಮೇಣಬಸದಿಗಳನ್ನು ನೋಡಲು ಹೋದವಳು ಗುಳೇದಗುಡ್ಡದ ಖಣವನ್ನು ತರುತ್ತಾಳೆ. ಕಚ್ಛಕ್ಕೆ ಹೋದವನು ಅಜರಖ ಮುದ್ರೆಯ ವಸ್ತ್ರವನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ. ಇದನ್ನು ಕುರಿತು ಮನೆಮನೆಗಳಲ್ಲಿ ಎರಡು ಅಭಿಪ್ರಾಯಗಳುಂಟು. ಹಿರಿಯರು ಇದನ್ನು ಬರಿಯ ಷೋಕಿ ಎನ್ನುತ್ತಾರೆ, ಕಿರಿಯರು ಇತಿಹಾಸಪ್ರೇಮವೆನ್ನುತ್ತಾರೆ. ಎರಡೂ ತೀರ್ಪುಗಳೇ ಹೊರತು ಪರೀಕ್ಷೆಗಳಲ್ಲ. ಯಾವ ಉಡುಗೆಯು ಷೋಕಿ, ಯಾವದು ಪ್ರೇಮ ಎಂಬದನ್ನು ನಿರ್ಣಯಿಸಲು ಒಂದು ಒರೆಗಲ್ಲು ಬೇಕು. ಅಂತಹ ಒರೆಗಲ್ಲು ನಮ್ಮ ಶಾಸ್ತ್ರಗಳಲ್ಲಿ ಇದೆಯೇ ಎಂದು ಹುಡುಕುವದು ಈ ಲೇಖನದ ಮೊದಲ ಉದ್ದೇಶ. ಆ ಕಲ್ಲಿನ ಮೇಲೆ ನನ್ನ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಉಜ್ಜಿ ನೋಡುವದು ಎರಡನೆಯ ಉದ್ದೇಶ.

ಮೊದಲು ಭರತನ ಮಾತು. ಭೂಮಿಯ ಮೇಲಿನ ನಾನಾ ದೇಶಗಳ ವೇಷ, ಭಾಷೆ, ಆಚಾರಗಳನ್ನು ತಿಳಿಯಪಡಿಸುವದಕ್ಕೆ ಆತನು 'ಪ್ರವೃತ್ತಿ' ಎಂಬ ಹೆಸರನ್ನು ಕೊಟ್ಟು, ಆವಂತೀ, ದಾಕ್ಷಿಣಾತ್ಯಾ, ಪಾಂಚಾಲೀ, ಓಡ್ರಮಾಗಧೀ ಎಂದು ಅದನ್ನು ನಾಲ್ಕು ಬಗೆಯಾಗಿ ಹೇಳಿದನು. ಆಭೀರ ಯುವತಿಯ ಪಾತ್ರವಾದರೆ ಎರಡು ಜಡೆಗಳಿರಬೇಕು, ಬಟ್ಟೆಯು ನೀಲಿಯದಾಗಿರಬೇಕು ಎಂಬಷ್ಟು ಸೂಕ್ಷ್ಮಕ್ಕೆ ಆತನು ಇಳಿಯುತ್ತಾನೆ. ಅದೇ ಪ್ರಕರಣದಲ್ಲಿ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಆ ದೇಶಕ್ಕೆ ಸಲ್ಲದ ವೇಷವು ಶೋಭೆಯನ್ನು ಹುಟ್ಟಿಸಲಾರದು. ನಡುವಿಗೆ ಕಟ್ಟುವ ಡಾಬನ್ನು ಎದೆಗೆ ಕಟ್ಟಿಕೊಂಡರೆ ನೋಡಿದವರಿಗೆ ನಗೆ ಬರುವದಷ್ಟೇ ಅದರ ಫಲ ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ಮೇಲುನೋಟಕ್ಕೆ ಇದು ನಮ್ಮ ಹಿರಿಯರ ಪಕ್ಷವನ್ನೇ ಎತ್ತಿಹಿಡಿದಂತೆ ತೋರುವದು. ಪರದೇಶದ ಉಡುಗೆಯನ್ನು ತಂದು ಉಡಬೇಡಿರಿ, ನಗೆಗೀಡಾದೀರಿ!

ಆದರೆ ಇಷ್ಟಕ್ಕೇ ಗ್ರಂಥವನ್ನು ಮುಚ್ಚಿಬಿಟ್ಟರೆ ಮುಂದಿನ ಒಬ್ಬ ಆಲಂಕಾರಿಕನಿಗೆ ಅನ್ಯಾಯ ಮಾಡಿದಂತಾಗುವದು. ಆತನು ರಾಜಶೇಖರ. ಕನೂಜದ ಪ್ರತೀಹಾರ ಅರಸರ ಆಶ್ರಯದಲ್ಲಿ ಹತ್ತನೆಯ ಶತಮಾನದ ಆದಿಯಲ್ಲಿ ಬಾಳಿದವನು. ಯಾಯಾವರ ವಂಶದವನೆಂದು ತನ್ನನ್ನು ಕರೆದುಕೊಂಡವನು. ಯಾಯಾವರನೆಂದರೆ ಒಂದೆಡೆ ನಿಲ್ಲದೆ ಸಂಚರಿಸುವವನು. ಹೆಸರೇ ನಮ್ಮ ವಿಷಯಕ್ಕೆ ಒಪ್ಪುವಂತಿದೆ. ಆತನ ಕಾವ್ಯಮೀಮಾಂಸೆಯು ೧೯೧೬ರಲ್ಲಿ ಬಡೋದೆಯ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಬೆಳಕಿಗೆ ಬಂದಿತು. ಅದರ ಮೂರನೆಯ ಅಧ್ಯಾಯದಲ್ಲಿ ಒಂದು ಕಥೆಯುಂಟು. ಸರಸ್ವತಿಯ ಮಗನಾದ ಕಾವ್ಯಪುರುಷನು ಮುನಿಸಿಕೊಂಡು ಮನೆಯನ್ನು ಬಿಟ್ಟು ಹೊರಟನು. ಗೆಳೆಯನ ಅಗಲಿಕೆಯಿಂದ ಕುಮಾರಸ್ವಾಮಿಯು ಅತ್ತನು. ಮಗನ ಅಳುವನ್ನು ನೋಡಲಾರದೆ ಗೌರಿಯು ಸಾಹಿತ್ಯವಿದ್ಯಾವಧುವನ್ನು ಸೃಷ್ಟಿಸಿ, 'ಅವನ ಬೆನ್ನುಹತ್ತಿ ಹೋಗು, ಒಲಿಸಿ ಕರೆದು ತಾ' ಎಂದು ಕಳುಹಿಸಿದಳು. ಅವಳು ಮೊದಲು ಪೂರ್ವಕ್ಕೆ, ಆಮೇಲೆ ಪಾಂಚಾಲಕ್ಕೆ, ಅವಂತಿಗೆ, ಕಡೆಗೆ ದಕ್ಷಿಣಕ್ಕೆ ಅವನ ಹಿಂದೆ ನಡೆದಳು. ಒಂದೊಂದು ನಾಡಿನಲ್ಲಿ ಅವಳು ಒಂದೊಂದು ವೇಷವನ್ನು ತೊಟ್ಟಳು. ಆಯಾ ನಾಡಿನ ಹೆಂಗಳೆಯರು ಅದನ್ನು ನೋಡಿ ಹಾಗೆಯೇ ತೊಟ್ಟರು. ಕಾವ್ಯಪುರುಷನು ಎಣಿಕೆಯಿಲ್ಲದೆ ಹಾಕಿಕೊಂಡ ಉಡುಪನ್ನು ನೋಡಿ ಗಂಡಸರೂ ಹಾಗೆಯೇ ಉಟ್ಟರು. ದಕ್ಷಿಣದ ನಾಡುಗಳ ಪಟ್ಟಿಯಲ್ಲಿ ನಮ್ಮ ಕುಂತಲವೂ ಸೇರಿರುವದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಕೊನೆಗೆ ವಿದರ್ಭದ ವತ್ಸಗುಲ್ಮದಲ್ಲಿ ಅವರಿಬ್ಬರ ವಿವಾಹವಾಯಿತು. ಈ ಕಥೆಯ ನಡುವೆಯೇ ಆತನು ವೇಷವನ್ನು ಜೋಡಿಸುವ ಕ್ರಮವು ಪ್ರವೃತ್ತಿ, ವಿಲಾಸವನ್ನು ಜೋಡಿಸುವ ಕ್ರಮವು ವೃತ್ತಿ, ಮಾತನ್ನು ಜೋಡಿಸುವ ಕ್ರಮವು ರೀತಿ ಎಂದು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾನೆ.

ಈ ಕಥೆಯನ್ನು ಪಾಠಶಾಲೆಯಲ್ಲಿ ಓದುವಾಗ ನಾನು ಇದನ್ನು ರೀತಿಗಳ ಉತ್ಪತ್ತಿಯನ್ನು ಹೇಳುವ ಒಂದು ಚಮತ್ಕಾರವೆಂದಷ್ಟೇ ತಿಳಿದಿದ್ದೆನು. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಕಲಿಸುವಾಗಲೂ ಅದನ್ನು ಹಾಗೆಯೇ ಹೇಳಿದೆನು. ಈಗ ಅದರಲ್ಲಿ ಬೇರೊಂದು ಅರ್ಥವು ಕಾಣುತ್ತದೆ. ಭರತನು 'ದೇಶಕ್ಕೆ ಸಲ್ಲುವ ವೇಷ' ಎಂದನಷ್ಟೆ. ಆ ವೇಷವು ದೇಶಕ್ಕೆ ಬಂದುದು ಎಲ್ಲಿಂದ? ರಾಜಶೇಖರನು ಉತ್ತರ ಹೇಳುತ್ತಾನೆ: ದಾರಿಯಲ್ಲಿ ನಡೆದುಹೋದ ಒಬ್ಬ ಪ್ರವಾಸಿಯಿಂದ. ಒಂದು ನಾಡಿನವರು ತಮ್ಮ ಅಜ್ಜ-ಮುತ್ತಜ್ಜಿಯರ ಕಾಲದಿಂದ ಬಂದುದೆಂದು ಹೆಮ್ಮೆಪಡುವ ಉಡುಗೆಯೂ ಒಂದು ದಿನ ಹೊರಗಿನಿಂದ ಬಂದ ಹೊಸತೇ ಆಗಿತ್ತು. ಅದನ್ನು ಉಟ್ಟು, ಒಗೆದು, ಮಕ್ಕಳಿಗೆ ಉಡಿಸಿ, ಹಬ್ಬಕ್ಕೂ ಹೊಲಕ್ಕೂ ಹೊಂದಿಸಿಕೊಂಡುದರಿಂದ ಅದು ದೇಶಜವಾಯಿತು. ಹೀಗಿರಲು ಭರತನು ನಗೆಗೀಡೆಂದು ಹೇಳಿದುದು ಹೊರಗಿನಿಂದ ತಂದ ವೇಷವನ್ನಲ್ಲ. ತಂದ ಮೇಲೆ ಒಗ್ಗದೆ ಹೋದ ವೇಷವನ್ನು. ಎದೆಗೆ ಕಟ್ಟಿದ ಡಾಬು ಪರದೇಶದ್ದೆಂದು ನಗೆಯಲ್ಲ, ಜಾಗ ತಪ್ಪಿತೆಂದು ನಗೆ.

ಈ ಎರಡು ಮತಗಳಿಗೆ ಸೇತುವೆಯನ್ನು ಕಟ್ಟಿದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಔಚಿತ್ಯವಿಚಾರಚರ್ಚೆಯಲ್ಲಿ ಆತನು, ಯಾವದು ಯಾವದಕ್ಕೆ ತಕ್ಕುದೋ ಆ ತಕ್ಕತನವೇ ಔಚಿತ್ಯ, ಅದೇ ರಸಕ್ಕೆ ಜೀವ ಎಂದನು. ಆ ಅಳತೆಯಿಂದ ಕಾಳಿದಾಸನಲ್ಲಿಯೂ ದೋಷವನ್ನೆಣಿಸಲು ಆತನು ದಾಕ್ಷಿಣ್ಯಪಡಲಿಲ್ಲ. ಆಭರಣದ ದೃಷ್ಟಾಂತವನ್ನು ಆತನೂ ಎತ್ತಿಕೊಂಡಿರುವನು. ಕೊರಳಿನದನ್ನು ನಡುವಿಗೂ ನಡುವಿನದನ್ನು ಕೊರಳಿಗೂ ಹಾಕಿದರೆ ಚಿನ್ನವು ಚಿನ್ನವೇ, ಚೆಲುವು ಮಾತ್ರ ಇಲ್ಲ. ಎಂದಮೇಲೆ ಪ್ರವಾಸದಿಂದ ತಂದ ಉಡುಗೆಯನ್ನು 'ಎಲ್ಲಿಯದು?' ಎಂದು ಕೇಳುವದರಿಂದ ಪ್ರಯೋಜನವಿಲ್ಲ. 'ಎಲ್ಲಿ, ಎಂದು, ಯಾರು ಉಟ್ಟರು?' ಎಂದು ಕೇಳಬೇಕು. ದೇಶ, ಕಾಲ, ಪಾತ್ರ: ಇದೇ ನಮ್ಮ ಒರೆಗಲ್ಲು.

ಕಲ್ಲು ಸಿಕ್ಕಿತು; ಇನ್ನು ಚಿನ್ನವನ್ನು ಉಜ್ಜೋಣ. ಕನ್ನಡನಾಡಿನ ಇತಿಹಾಸದಲ್ಲಿಯೇ ಇದಕ್ಕೆ ದೊಡ್ಡ ಉದಾಹರಣೆ ವಿಜಯನಗರದ ಆಸ್ಥಾನ. ೧೪೪೩ರಲ್ಲಿ ಹೇರಾತದ ಶಾಹರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಪ್ರೌಢದೇವರಾಯನನ್ನು ಜೈತೂನಿ ಸಾಟಿನ್ನಿನ ನಿಲುವಂಗಿಯಲ್ಲಿ ಕಂಡನು. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಜನಾದ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಬಿಳಿಯ ಉಡುಪಿನ ಮೇಲಣ ಚಿನ್ನದ ಹೂಗಳನ್ನೂ, ತಲೆಯ ಮೇಲಿನ ಎತ್ತರವಾದ ಕಿನಕಾಪಿನ ಟೊಪ್ಪಿಗೆಯನ್ನೂ, ಬರಿಗಾಲನ್ನೂ ಒಂದೊಂದಾಗಿ ಬರೆದಿಟ್ಟನು. ಆ ಟೊಪ್ಪಿಗೆಗೆ ಕುಲ್ಲಾಯಿ ಎಂದೂ ನಿಲುವಂಗಿಗೆ ಕಬಾಯಿ ಎಂದೂ ಹೆಸರು. ಮೊದಲನೆಯದು ಪಾರಸಿಯ ಕುಲಾಹ, ಎರಡನೆಯದು ಅರಬ್ಬಿಯ ಕಬಾ. ಲೇಪಾಕ್ಷಿಯ ವೀರಭದ್ರ ದೇವಾಲಯದ ಮಾಡಿನಲ್ಲಿ ಅಚ್ಯುತರಾಯನ ಕಾಲಕ್ಕೆ ಬರೆದ ಚಿತ್ರಗಳಲ್ಲಿ ಈ ಕುಲ್ಲಾಯಿಗಳು ಸಾಲುಸಾಲಾಗಿ ನಿಂತಿರುವವು. ಫಿಲಿಪ್ ವಾಗನರ್ ಎಂಬ ಅಮೇರಿಕೆಯ ವಿದ್ವಾಂಸರು ೧೯೯೬ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಈ ವೇಷವನ್ನು ಕುರಿತು ವಿಸ್ತಾರವಾಗಿ ಚರ್ಚಿಸಿ, ಇದು ಸೋತವರ ಅನುಕರಣವಲ್ಲ, ಹಡಗಿನ ಮೇಲೂ ಕುದುರೆಯ ಮೇಲೂ ವ್ಯವಹಾರ ನಡೆಯುತ್ತಿದ್ದ ಒಂದು ವಿಶಾಲ ಜಗತ್ತಿನಲ್ಲಿ ಸಮಾನರಾಗಿ ಕುಳಿತುಕೊಳ್ಳಬೇಕೆಂದು ಅರಸರು ಬೇಕೆಂದೇ ತೊಟ್ಟ ವೇಷವೆಂಬ ಅಭಿಪ್ರಾಯವನ್ನು ಮಂಡಿಸಿದ್ದಾರೆ. ಅರಸರು ಧರಿಸಿದ 'ಹಿಂದೂರಾಯಸುರತ್ರಾಣ' ಎಂಬ ಬಿರುದೂ ಆ ಟೊಪ್ಪಿಗೆಯ ಜೊತೆಯದೇ. ಒಂದು ತಲೆಯ ಮೇಲಿತ್ತು, ಇನ್ನೊಂದು ಶಾಸನದ ಮೇಲಿತ್ತು.

ಇಲ್ಲಿ ಔಚಿತ್ಯವನ್ನು ನೋಡಿರಿ. ತಿರುಮಲೆಯಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಕೃಷ್ಣದೇವರಾಯನ ತಾಮ್ರಪ್ರತಿಮೆಯ ತಲೆಯ ಮೇಲೆ ಕುಲ್ಲಾಯಿಯುಂಟು, ಮೈಮೇಲೆ ಕಬಾಯಿಯಿಲ್ಲ. ರಾಯಭಾರಿಯ ಮುಂದೆ ಸಲ್ಲುವದೆಲ್ಲವೂ ದೇವರ ಮುಂದೆ ಸಲ್ಲದೆಂಬದನ್ನು ಆತನು ಬಲ್ಲವನು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಆ ಆಸ್ಥಾನದಲ್ಲಿಯೇ ಸಿಕ್ಕುವದು. ತೆಲುಗಿನ ಮಹಾಕವಿ ಶ್ರೀನಾಥನು ಪ್ರೌಢದೇವರಾಯನ ದರ್ಶನಕ್ಕೆಂದು ಬಂದು, ಕುಲ್ಲಾಯಿಯನ್ನಿಟ್ಟು, ದೊಡ್ಡ ಅಂಗಿಯೊಳಗೆ ಸಿಕ್ಕಿಕೊಂಡು, 'ಇಷ್ಟೆಲ್ಲ ಪಾಡುಪಟ್ಟ ಮೇಲಾದರೂ ಕರುಣಿಸಬಾರದೇ' ಎಂಬ ಭಾವದಿಂದ ಕನ್ನಡ ರಾಜ್ಯಲಕ್ಷ್ಮಿಗೆ ಮೊರೆಯಿಟ್ಟ ಚಾಟುಪದ್ಯವೊಂದು ಆತನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದೇ ಟೊಪ್ಪಿಗೆ! ಅರಸನ ತಲೆಯಲ್ಲಿ ಗಾಂಭೀರ್ಯ, ಅತಿಥಿಕವಿಯ ತಲೆಯಲ್ಲಿ ಹಾಸ್ಯ. ಬಟ್ಟೆಯು ಬದಲಾಗಲಿಲ್ಲ, ಪಾತ್ರವು ಬದಲಾಯಿತು. ಇನ್ನು ಕಾಲವನ್ನು ನೋಡಿರಿ. ರಾಜ್ಯವು ಅಳಿದು ಕುಲ್ಲಾಯಿಯು ಹಿರಿಯರ ತಲೆಯಿಂದ ಇಳಿಯಿತು. ಆದರೆ ನಮ್ಮ ಕಡೆಯ ತಾಯಂದಿರು ಎಳೆಗೂಸಿಗೆ ಹೊಲಿದು ಹಾಕುವ ಕುಲಾವಿಯಲ್ಲಿ ಅದರ ಹೆಸರು ಇನ್ನೂ ಬೆಚ್ಚಗಿದೆ. ಪಾರಸದಿಂದ ಹಂಪೆಗೆ ಬಂದ ಶಬ್ದವು ತೊಟ್ಟಿಲಿಗೆ ಇಳಿದ ಮೇಲೆ ಅದನ್ನು ಪರದೇಶದ್ದೆಂದು ಹೇಳುವ ಎದೆ ಯಾರಿಗಿದೆ?

ಎರಡನೆಯ ಉದಾಹರಣೆಯು ಅರಸರದ್ದಲ್ಲ. ಗಾಂಧೀಜಿಯವರು ೧೯೧೫ರಲ್ಲಿ ದಕ್ಷಿಣ ಆಫ್ರಿಕೆಯಿಂದ ಮರಳಿದಾಗ ಕಾಠಿಯಾವಾಡದ ಪೇಟ, ಅಂಗರಖೆ, ಧೋತರಗಳಲ್ಲಿ ಹಡಗಿನಿಂದಿಳಿದರು. ಅದು ಹುಟ್ಟಿದೂರಿನ ವೇಷ. ೧೯೨೧ರ ಸಪ್ಟೆಂಬರದಲ್ಲಿ ಮದರಾಸಿನಿಂದ ಮಧುರೆಗೆ ರೈಲಿನಲ್ಲಿ ಹೋಗುವಾಗ, ಖಾದಿಯನ್ನು ಕೊಳ್ಳುವಷ್ಟು ಹಣ ನಮ್ಮಲ್ಲಿಲ್ಲವೆಂದು ಸಹಪ್ರಯಾಣಿಕರು ಹೇಳಿದ ಮಾತು ಅವರ ಮನಸ್ಸನ್ನು ನಾಟಿತು. ಅದೇ ತಿಂಗಳ ೨೨ರಂದು ಮಧುರೆಯಲ್ಲಿ ಅವರು ಉಳಿದುದನ್ನೆಲ್ಲ ಬಿಟ್ಟು ಮೊಳಕಾಲ ಮೇಲಿನ ತುಂಡುಬಟ್ಟೆಯಲ್ಲಿ ಹೊರಗೆ ಬಂದರು. ೧೯೩೧ರಲ್ಲಿ ಲಂಡನ್ನಿನ ಚಳಿಯಲ್ಲಿ, ಚಕ್ರವರ್ತಿಯ ಅರಮನೆಯಲ್ಲಿಯೂ ಅದೇ ವೇಷ. ಭರತನ ಸೂತ್ರವನ್ನು ಅಕ್ಷರಶಃ ಹಿಡಿದರೆ ಇದಕ್ಕಿಂತ ದೇಶಕ್ಕೆ ಸಲ್ಲದ ವೇಷವು ಯಾವದು? ನಕ್ಕವರೂ ಇದ್ದರು. ಆದರೆ ನಗೆಯು ನಿಲ್ಲಲಿಲ್ಲ, ವೇಷವು ನಿಂತಿತು. ಪ್ರವಾಸವು ಅವರಿಗೆ ಕೊಟ್ಟುದು ಒಂದು ಹೊಸ ಬಟ್ಟೆಯನ್ನಲ್ಲ, ಕಂಡ ಜನರ ಸ್ಥಿತಿಯನ್ನು. ಅದನ್ನು ಅವರು ಮೈಮೇಲೆ ಧರಿಸಿದರು. ಉಡುಗೆಯು ಇತಿಹಾಸವನ್ನು ನೆನಪಿಸುವದುಂಟು. ಇಲ್ಲಿ ಉಡುಗೆಯೇ ಇತಿಹಾಸವಾಯಿತು.

ಸ್ಥಳದ ಕಥೆಯು ಉಡುಗೆಯೊಳಗೆ ಹೇಗೆ ಮಡಿಕೆಯಾಗಿ ಕೂಡುವದೆಂಬದಕ್ಕೆ ಕೊಡಗಿನ ಸ್ತ್ರೀಯರ ಸೀರೆಯನ್ನೂ ಒಂದು ಮಾತಿನಲ್ಲಿ ನೆನೆಯಬಹುದು. ಅವರ ನೆರಿಗೆಗಳು ಬೆನ್ನ ಕಡೆಗಿರುವವು. ಅಗಸ್ತ್ಯರನ್ನು ತೊರೆದು ಹರಿದ ಕಾವೇರಿಯನ್ನು ಬಲಮುರಿಯಲ್ಲಿ ಜನರು ತಡೆಯಹೋದಾಗ ನೀರಿನ ಸೆಳೆತಕ್ಕೆ ನೆರಿಗೆಗಳು ಹಿಂದಕ್ಕೆ ಸರಿದುವೆಂದು ಅಲ್ಲಿಯ ಸ್ಥಳಪುರಾಣವು ಹೇಳುವದು. ಇದು ನಿಜವಾಗಿ ನಡೆಯಿತೇ ಎಂದು ವಾದಿಸುವದು ಅರಸಿಕತೆ. ಹಾಗೆ ಉಡುವವಳು ದಿನವೂ ತನ್ನ ನದಿಯನ್ನು ನೆನೆಯುತ್ತಾಳೆಂಬದೇ ಅದರ ಫಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಇಳಕಲ್ಲಿನ ಸೀರೆಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಆದರೆ ಅರಿಯುವದೆಂದರೇನು? ಅದರ ಕೆಂಪು ಸೆರಗಿನಲ್ಲಿ ಬಿಳಿಯ ಎಳೆಗಳಿಂದ ಮೂಡುವ ಆಕೃತಿಗಳನ್ನು ನೋಡಿರಿ: ಹಣಿಗೆಯ ಹಲ್ಲು, ಕೋಟೆಯ ಗೋಡೆ, ಜೋಳದ ತೆನೆ, ಬೆಟ್ಟದ ಸಾಲು. ಐಹೊಳೆ-ಬಾದಾಮಿಗಳ ನಡುವೆ ಒಮ್ಮೆ ನಡೆದುಹೋದವನಿಗೆ ಇವು ಯಾವವೂ ಕಲ್ಪನೆಯೆನಿಸಲಾರವು. ಎಡಬಲಕ್ಕೆ ಕಾಣುವದೇ ಇಷ್ಟು. ಕನ್ನಡ ಭಾಷೆಯೂ ಇಲ್ಲಿ ಒಂದು ಸೊಗಸನ್ನು ತೋರಿದೆ. ತೆನೆಯೆಂದರೆ ಜೋಳದ ತೆನೆಯೂ ಹೌದು. ಹಳಗನ್ನಡದಲ್ಲಿ ಕೋಟೆಯ ಗೋಡೆಯ ತಲೆಯಲ್ಲಿ ಹಲ್ಲುಹಲ್ಲಾಗಿ ಎದ್ದಿರುವ ಕಟ್ಟಡಕ್ಕೂ ತೆನೆಯೆಂದೇ ಹೆಸರು. ಒಕ್ಕಲಿಗನ ಹೊಲ, ಅರಸನ ಕೋಟೆ, ಎರಡೂ ಒಂದೇ ಶಬ್ದದಲ್ಲಿ, ಒಂದೇ ಸೆರಗಿನಲ್ಲಿ! ಇನ್ನು ಕಸೂತಿಯನ್ನು ಹಾಕುವ ಹೆಂಗಸರು ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರವನ್ನೂ ತೇರನ್ನೂ ತುಳಸೀಕಟ್ಟೆಯನ್ನೂ ಆನೆಯನ್ನೂ ಚಂದ್ರಕಾಳಿ ಸೀರೆಯ ಮೇಲೆ ಇಳಿಸುತ್ತಾರೆ. ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆ. ನೆಲದ ಮೇಲೆ ಗೆರೆಯೆಳೆದುಕೊಂಡು ಹಾಕುವದಲ್ಲ, ಗಂಟು ಹಾಕುವದೂ ಇಲ್ಲ.

ನನ್ನ ಕಿರಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಹಿಂದಿನ ವರ್ಷ ರಜೆಯಲ್ಲಿ ಗೆಳತಿಯರೊಡನೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು, ಗುಳೇದಗುಡ್ಡ, ಇಳಕಲ್ಲುಗಳ ಮಗ್ಗದ ಮನೆಗಳಲ್ಲಿಯೂ ಎರಡು ದಿನ ಕಳೆದು ಮನೆಗೆ ಬಂದಳು. ಬಂದವಳೇ ತಾಯಿಯ ಪೆಟ್ಟಿಗೆಯನ್ನು ತೆರೆದಳು. ನನ್ನ ಮನೆಯಾಕೆಯು ತೀರಿಕೊಂಡು ಆರು ವರ್ಷಗಳಾದವು. ಆಕೆಯ ಸೀರೆಗಳನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಮಡಿಚಿಡುವದು ನನ್ನ ರೂಢಿ. ಮರುದಿನ ನಾನು ಸಂಜೆಯ ತಿರುಗಾಟದಿಂದ ಬಂದಾಗ, ಆಕೆಯು ಬಹಳ ಉಟ್ಟು ಹಳತಾಗಿದ್ದ ಒಂದು ಇಳಕಲ್ಲಿನ ಸೀರೆಯ ಸೆರಗು ಬೇರೆಯಾಗಿ ಚಾಪೆಯ ಮೇಲೆ ಹಾಸಿತ್ತು, ಹತ್ತಿರದಲ್ಲಿ ಕತ್ತರಿ ಇತ್ತು. ಕುಪ್ಪಸದ ಮೇಲೆ ತೊಡುವ ಒಂದು ಗಿಡ್ಡ ಅಂಗಿಯನ್ನು ಅದರಿಂದ ಹೊಲಿಸುವದು ಮಗಳ ವಿಚಾರವಾಗಿತ್ತು.

"ಏನವಾ, ನಿಮ್ಮವ್ವನ ಸೆರಗಿಗೇ ಕತ್ತರಿ ಹಾಕಿದೇನು?" ಎಂದೆನು. ಆಮೇಲೆ ಆಡಬಾರದ ಇನ್ನೂ ನಾಲ್ಕು ಮಾತುಗಳನ್ನು ಆಡಿದೆನು. ಆ ಸೆರಗಿನಲ್ಲಿ ಆಕೆಯು ಎಷ್ಟೋ ಸಲ ಉಡಿ ತುಂಬಿಸಿಕೊಂಡಿದ್ದಳು. ಇದೇ ಮಗಳ ಕಣ್ಣು-ಮೂಗುಗಳನ್ನು ಒರಸಿದ್ದಳು. ಅದನ್ನು ಅಂಗಿ ಮಾಡುವದೆಂದರೆ ಕೊರಳ ತಾಳಿಯನ್ನು ಕರಗಿಸಿ ಉಂಗುರ ಮಾಡಿದಂತೆ ಎಂದು ನನಗೆ ತೋರಿತು. ಅನೌಚಿತ್ಯಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡವೆಂದುಕೊಂಡೆನು. ಮಗಳು ನನ್ನ ಮಾತು ಮುಗಿಯುವ ತನಕ ಸುಮ್ಮನಿದ್ದಳು. ಆಮೇಲೆ ಹೇಳಿದಳು:

"ಅಪ್ಪಾ, ಸೀರಿ ಮೈ ಜೀರ್ಣಾಗಿ ಕೈ ಹಚ್ಚಿದಲ್ಲೆ ಹರೀತಿತ್ರಿ. ಸೆರಗಿಗೆ ಏನೂ ಆಗಿಲ್ಲ. ಮೈಯಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಮೈಯಿಂದು ಅರಳಿ, ಸೆರಗಿಂದು ರೇಷ್ಮಿ. ಮಗ್ಗಕ್ಕ ಏರಸೂವಾಗ ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರ. ಅವರು ಎಲ್ಲೆ ಕೂಡಿಸ್ಯಾರೋ ಅಲ್ಲೇ ನಾ ಬಿಡಿಸೀನಿ. ಬೇಕಾದ್ರ ನೀವ ನೋಡ್ರಿ."

ನಾನು ಕನ್ನಡಕವನ್ನು ಹಾಕಿಕೊಂಡು ನೋಡಿದೆನು. ಹಾಗೆಯೇ ಇತ್ತು. ಕತ್ತರಿಯು ಒಂದು ತೆನೆಯನ್ನೂ ಮುಟ್ಟಿರಲಿಲ್ಲ. ಅರಳೆಯೂ ರೇಷ್ಮೆಯೂ ಕೂಡಿದ ಗೆರೆಯ ಮೇಲೆಯೇ ನಡೆದಿತ್ತು. ಇಳಕಲ್ಲಿನಲ್ಲಿ ಒಂದೊಂದು ಸೀರೆಗೂ ಬೇರೆ ಬೇರೆಯಾಗಿಯೇ ಹಾಸನ್ನು ಸಿದ್ಧಪಡಿಸಬೇಕಾಗುವದೆಂತಲೂ, ಈ ಕೊಂಡಿಯ ಕೆಲಸಕ್ಕೆ ಮನೆಯ ಹೆಂಗಸರ ಕೈಯೂ ಬೇಕಾಗುವದೆಂತಲೂ ಆಮೇಲೆ ಅವಳೇ ನನಗೆ ಹೇಳಿದಳು. ಹಾ, ಇಷ್ಟು ವರ್ಷ ನಾನು 'ಹಾಸುಹೊಕ್ಕಾಗಿ' ಎಂಬ ಮಾತನ್ನು ಎಷ್ಟು ಪಾಠಗಳಲ್ಲಿ, ಎಷ್ಟು ಭಾಷಣಗಳಲ್ಲಿ ಬಳಸಿದ್ದೆನೋ! ಹಾಸು ಯಾವದು, ಹೊಕ್ಕು ಯಾವದು ಎಂದು ಮಗ್ಗದ ಮುಂದೆ ನಿಂತು ಒಮ್ಮೆಯೂ ನೋಡಿರಲಿಲ್ಲ. ಆಗ ನನಗೆ ಇನ್ನೊಂದು ನೆನಪೂ ಬಂದಿತು. ಬಹಳ ವರ್ಷಗಳ ಹಿಂದೆ ಇಳಕಲ್ಲಿನ ಅಂಗಡಿಯಲ್ಲಿ ಆ ಸೀರೆಯನ್ನು ಕೊಳ್ಳುವಾಗ ಆಕೆಯು ಸೆರಗಿನ ಬುಡವನ್ನು ತಿರುವಿ ತಿರುವಿ ನೋಡುತ್ತ ಕುಳಿತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಬಾಗಿಲಲ್ಲಿ ನಿಂತು ಅವಸರಪಡಿಸಿದ್ದೆನು. ಬಣ್ಣವನ್ನು ನೋಡುತ್ತಿರುವಳೆಂದು ತಿಳಿದಿದ್ದೆನು. ಆಕೆಯು ನೋಡುತ್ತಿದ್ದುದು ಆ ಕೊಂಡಿಯನ್ನು.

ಇನ್ನು ವಿಮರ್ಶಕನ ಧರ್ಮವನ್ನು ಪಾಲಿಸಬೇಕಷ್ಟೆ. ಮಗಳ ಕೃತ್ಯವನ್ನು ಮೇಲೆ ಹೇಳಿದ ಕಲ್ಲಿನ ಮೇಲೆ ಉಜ್ಜಿದರೆ ಏನು ಕಾಣುವದು? ದೇಶವು ಒಪ್ಪಿತು, ಅವಳು ತಂದುದು ಬೇರೆ ನಾಡಿನದನ್ನಲ್ಲ, ತನ್ನ ಮನೆಯ ಪೆಟ್ಟಿಗೆಯೊಳಗಿನದನ್ನು. ಪ್ರವಾಸವು ಅವಳಿಗೆ ಮಾಡಿಕೊಟ್ಟುದು ಆ ಪೆಟ್ಟಿಗೆಯ ಬೀಗವನ್ನು ತೆಗೆಯುವ ಕೆಲಸವನ್ನು ಮಾತ್ರ. ಕಾಲವು ಒಪ್ಪಿತು, ಸೀರೆಯ ಮೈಗೆ ಆಯುಷ್ಯವಿರಲಿಲ್ಲ, ಸೆರಗಿಗೆ ಇನ್ನೂ ಇತ್ತು. ಪಾತ್ರವೂ ಒಪ್ಪಿತು, ತಾಯಿಯ ಸೆರಗಿಗೆ ಮಗಳಿಗಿಂತ ಹತ್ತಿರದವರು ಯಾರು? ಒಂದು ದೋಷವು ಉಳಿಯಿತು: ನನ್ನನ್ನು ಕೇಳದೆ ಕತ್ತರಿಯನ್ನು ಹಿಡಿದುದು. ಅದನ್ನು ಅವಳಿಗೆ ಹೇಳಿದೆನು, ಅವಳು ಒಪ್ಪಿಕೊಂಡಳು. ಕೇಳಿದ್ದರೆ ನಾನು ಬೇಡವೆನ್ನುತ್ತಿದ್ದೆನೆಂಬದೂ, ಆ ಸೆರಗು ಇನ್ನು ಹತ್ತು ವರ್ಷಕ್ಕೆ ನುಸಿಯ ಪಾಲಾಗುತ್ತಿದ್ದಿತೆಂಬದೂ ಅಷ್ಟೇ ನಿಜ. ಇದನ್ನು ಅವಳು ಹೇಳಲಿಲ್ಲ. ನಾನೇ ಇಲ್ಲಿ ಬರೆದಿಡುತ್ತೇನೆ.

ಹೀಗೆಂದು ಕಿರಿಯರ ಪಕ್ಷಕ್ಕೆ ನಾನು ಪೂರ್ಣವಾಗಿ ಸೇರಿದೆನೆಂದು ಯಾರೂ ತಿಳಿಯಬಾರದು. ಕಾಶ್ಮೀರದ ತೋಟದಲ್ಲಿ ಬಾಡಿಗೆಯ ಫಿರನನ್ನು ತೊಟ್ಟು, ಕೈಯಲ್ಲೊಂದು ಹೂವಿನ ಬುಟ್ಟಿಯನ್ನು ಹಿಡಿದು, ಚಿತ್ರವನ್ನು ತೆಗೆಸಿಕೊಂಡು, ಐದು ನಿಮಿಷದಲ್ಲಿ ಅದನ್ನು ಕಳಚಿಕೊಡುವ ರೂಢಿಯೂ ಪ್ರವಾಸದ ವೇಷವೇ. ಅದರಲ್ಲಿ ಪಾಪವಿಲ್ಲ, ಆದರೆ ಭರತನು ಹೇಳಿದ ಹಾಸ್ಯಕ್ಕಿಂತ ಹೆಚ್ಚಿನದೂ ಅದರಲ್ಲಿಲ್ಲ. ಚಳಿಯನ್ನು ಅರಿಯದವನ ಮೈಮೇಲೆ ಚಳಿಯ ಉಡುಪು! ಇದಕ್ಕಿಂತ ಹೆಚ್ಚಿನ ಕೇಡು ಮತ್ತೊಂದುಂಟು. ಇಳಕಲ್ಲಿನ ಸೆರಗನ್ನು ಯಂತ್ರದ ಬಟ್ಟೆಯ ಮೇಲೆ ಮುದ್ರೆಯೊತ್ತಿ ಅಗ್ಗಕ್ಕೆ ಮಾರುತ್ತಾರೆ. ಅಲ್ಲಿ ತೆನೆಯುಂಟು, ಕೋಟೆಯುಂಟು, ಕೊಂಡಿಯಿಲ್ಲ. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಟ್ಟು ೧೯೮೫ರಲ್ಲಿ ಕಾಯಿದೆಯಾಗಿದೆ. ಇಳಕಲ್ಲಿನ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ಕೊಳ್ಳುವವನಿಗೆ ಕಣ್ಣಿಲ್ಲದಿದ್ದರೆ ಕಾಯಿದೆಯು ಮಾಡುವದೇನು? ಅಂತಹ ಸೀರೆಯನ್ನುಟ್ಟು 'ನಮ್ಮ ನಾಡಿನ ಇತಿಹಾಸವನ್ನು ಧರಿಸಿದ್ದೇನೆ' ಎಂದು ಹೇಳುವದು, ಯಮಕವೊಂದೇ ತುಂಬಿ ಅರ್ಥವಿಲ್ಲದ ಪದ್ಯವನ್ನು ಕಾವ್ಯವೆಂದು ಓದಿದಂತೆ. ಇತಿಹಾಸಪ್ರೇಮವು ನಿಜವಾಗಿದ್ದರೆ ಆ ಇತಿಹಾಸವನ್ನು ಇಂದಿಗೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿರುವವನ ಮನೆಗೆ ಅದರ ಬೆಲೆಯು ಮುಟ್ಟಬೇಕು. ನೇಕಾರನ ಮಗನು ಮಗ್ಗವನ್ನು ಬಿಟ್ಟು ಪಟ್ಟಣಕ್ಕೆ ಕೂಲಿಗೆ ಹೋದ ಮೇಲೆ ಉಳಿಯುವದು ಆಕೃತಿಯೇ ಹೊರತು ಪ್ರವೃತ್ತಿಯಲ್ಲ.

ಆದಕಾರಣ ಎರಡೂ ಪಕ್ಷದವರಿಗೆ ನನ್ನದೊಂದು ವಿಜ್ಞಾಪನೆ. ತರುಣರೇ, ನೋಡಿದ ಊರಿನ ಬಟ್ಟೆಯನ್ನು ತನ್ನಿರಿ, ಉಡಿರಿ. ಆದರೆ ಕೊಳ್ಳುವ ಮುನ್ನ ಅದನ್ನು ಒಮ್ಮೆ ತಿರುವಿ ನೋಡಿರಿ, ಯಾರ ಕೈಯದೆಂದು ಕೇಳಿರಿ. ಹಿರಿಯರೇ, ಷೋಕಿಯೆಂದು ಗದರಿಸುವ ಮುನ್ನ ಆ ಮಗುವು ಏನನ್ನು ಕಂಡು ಬಂದಿದೆಯೆಂದು ಕೇಳಿರಿ. ನಾವು ಹುಟ್ಟಿ ಬೆಳೆದ ಸೀಮೆಯನ್ನೇ ನಾವು ನೋಡಿಲ್ಲದಿರಬಹುದು. ರಾಜಶೇಖರನ ಕಥೆಯಲ್ಲಿ ನಾಡಿನವರು ದಾರಿಹೋಕಳನ್ನು ನೋಡಿ ಉಡುವದನ್ನು ಕಲಿತರು. ನನ್ನ ಮನೆಯಲ್ಲಿಯೂ ಆದುದು ಅದೇ.

ಅಂಗಿಯು ಹೊಲಿದು ಬಂದಿತು. ದೀಪಾವಳಿಗೆ ಮಗಳು ಅದನ್ನು ತೊಟ್ಟು ನಮಸ್ಕಾರ ಮಾಡಿದಳು. ಕೆಂಪು ಸೆರಗಿನ ಬಿಳಿಯ ತೆನೆಗಳು ಅವಳ ಭುಜದ ಮೇಲೆ ಸಾಲಾಗಿ ನಿಂತಿದ್ದವು. ಉಳಿದ ಜೀರ್ಣವಾದ ಮೈಯನ್ನು ನಾನು ಮಡಿಚಿ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇನೆ. ಅದಕ್ಕೆ ಯಾವ ಶಾಸ್ತ್ರದ ಆಧಾರವನ್ನೂ ನಾನು ಕೊಡಲಾರೆನು. ಇಲ್ಲಿ ಹೇಳಿದ ವಿಚಾರಗಳಲ್ಲಿ ಪ್ರಮಾದವಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುತ್ತೇನೆ.